ವಾಯುಮಾಲಿನ್ಯಕಾರಕಗಳು ಮತ್ತು ವಾಯು ಗುಣಮಟ್ಟದ ಮಾಪನ

ಮನುಷ್ಯರಿಗೆ, ಪ್ರಾಣಿಗಳಿಗೆ, ಬೆಳೆಗಳಿಗೆ ಅಥವಾ ಕಟ್ಟಡಗಳಿಗೆ ಹಾನಿಯಾಗುವಷ್ಟು ಪ್ರಮಾಣದಲ್ಲಿ ಗಾಳಿಯಲ್ಲಿ ಸೇರಿಕೊಂಡ ಘನ, ದ್ರವ ಅಥವಾ ಅನಿಲ ರೂಪದ ವಸ್ತುಗಳನ್ನು ವಾಯುಮಾಲಿನ್ಯಕಾರಕಗಳು ಎನ್ನುತ್ತಾರೆ. ಒಣಗಾಳಿಯಲ್ಲಿ ಶೇ. 78ರಷ್ಟು ಸಾರಜನಕ, ಶೇ. 21ರಷ್ಟು ಆಮ್ಲಜನಕ, ಶೇ. 0.93ರಷ್ಟು ಆರ್ಗಾನ್ ಇರುತ್ತವೆ. ಉಳಿದ ಅತ್ಯಲ್ಪ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಮತ್ತಿತರ ಅನಿಲಗಳಿವೆ. ಮಾಲಿನ್ಯಕಾರಕಗಳ ಪ್ರಮಾಣ ಇವೆಲ್ಲಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ, ಅಂದರೆ 120 ಕೋಟಿ ಮೈಕ್ರೋಗ್ರಾಂ. ಅಷ್ಟು ಗಾಳಿಯಲ್ಲಿ ಸೂಕ್ಷ್ಮ ಕಣಗಳು 60 ಮೈಕ್ರೋಗ್ರಾಂ ದಾಟಿದರೆ ಅದು ಭಾರತದ ದಿನದ ಮಿತಿಯನ್ನು ಮೀರಿದಂತೆ. ಇಷ್ಟು ಅಲ್ಪ ಪ್ರಮಾಣವನ್ನು ಕಣ್ಣಳತೆಯಿಂದಾಗಲಿ ವಾಸನೆಯಿಂದಾಗಲಿ ಅಂದಾಜಿಸಲು ಆಗದು. ಅದಕ್ಕೆ ಪ್ರತ್ಯೇಕ ಉಪಕರಣಗಳೂ ಗೊತ್ತುಪಡಿಸಿದ ವಿಧಾನಗಳೂ ಬೇಕು.

ವರ್ಗೀಕರಣ

ಮೂಲದಿಂದ ನೇರವಾಗಿ ಹೊರಬೀಳುವ ವಸ್ತುಗಳು ಪ್ರಾಥಮಿಕ ಮಾಲಿನ್ಯಕಾರಕಗಳು. ಚಿಮಣಿಯ ಹೊಗೆ, ರಸ್ತೆಯ ಧೂಳು, ವಾಹನ ಉಗುಳುವ ಕಾರ್ಬನ್ ಮಾನಾಕ್ಸೈಡ್ ಈ ಗುಂಪಿನವು. ಪ್ರಾಥಮಿಕ ವಸ್ತುಗಳು ಬಿಸಿಲು, ತೇವಾಂಶ ಮತ್ತು ಪರಸ್ಪರ ಸಂಪರ್ಕದಿಂದ ಗಾಳಿಯಲ್ಲೇ ರಾಸಾಯನಿಕವಾಗಿ ಬದಲಾಗಿ ಹುಟ್ಟುವವು ದ್ವಿತೀಯಕ ಮಾಲಿನ್ಯಕಾರಕಗಳು. ನೆಲಮಟ್ಟದ ಓಜೋನ್ ಹಾಗೂ ಸಲ್ಫೇಟ್, ನೈಟ್ರೇಟ್ ಕಣಗಳು ಇದಕ್ಕೆ ಮುಖ್ಯ ಉದಾಹರಣೆ. ದ್ವಿತೀಯಕ ಮಾಲಿನ್ಯಕಾರಕಗಳಿಗೆ ಬೆರಳಿಟ್ಟು ತೋರಿಸುವಂಥ ಒಂದು ಚಿಮಣಿ ಇರುವುದಿಲ್ಲ, ಆದ್ದರಿಂದ ಅವುಗಳ ನಿಯಂತ್ರಣ ಕಷ್ಟ.

ಮೂಲಗಳನ್ನು ನೈಸರ್ಗಿಕ ಮತ್ತು ಮಾನವಕೃತ ಎಂದು ವಿಭಾಗಿಸುವುದುಂಟು. ಧೂಳಿನ ಬಿರುಗಾಳಿ, ಕಾಳ್ಗಿಚ್ಚು, ಜ್ವಾಲಾಮುಖಿ, ಸಮುದ್ರದ ಉಪ್ಪಿನ ತುಂತುರು ಮೊದಲ ಬಗೆಯವು. ಮಾನವಕೃತ ಮೂಲಗಳಲ್ಲಿ ಉಷ್ಣ ವಿದ್ಯುತ್ ಸ್ಥಾವರದಂಥ ಬಿಂದು ಮೂಲಗಳು, ಹೆದ್ದಾರಿಯಂಥ ರೇಖಾ ಮೂಲಗಳು, ಮನೆಗಳ ಸೌದೆ ಒಲೆ ಮತ್ತು ಕಸದ ಬೆಂಕಿಯಂತೆ ಊರಿನುದ್ದಕ್ಕೂ ಹರಡಿದ ಕ್ಷೇತ್ರ ಮೂಲಗಳು ಎಂದು ಮೂರು ಬಗೆ.

ಕಣಗಳು

ಗಾಳಿಯಲ್ಲಿ ತೇಲುವ ಘನ ಕಣಗಳು ಮತ್ತು ಸೂಕ್ಷ್ಮ ದ್ರವ ಹನಿಗಳನ್ನು ಒಟ್ಟಾಗಿ ಕಣದ್ರವ್ಯ ಎನ್ನುತ್ತಾರೆ. ಇವನ್ನು ಗುರುತಿಸುವುದು ರಾಸಾಯನಿಕ ಸಂಯೋಜನೆಯಿಂದಲ್ಲ, ಗಾತ್ರದಿಂದ. ಹತ್ತು ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದವು ಪಿಎಂ 10, ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದವು ಪಿಎಂ 2.5. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್ ಎಂಬುದನ್ನು ನೆನೆದರೆ ಈ ಕಣಗಳ ಸಣ್ಣತನ ಅರ್ಥವಾಗುತ್ತದೆ.

ದಪ್ಪ ಕಣಗಳು ಹೆಚ್ಚಾಗಿ ಉಜ್ಜುವಿಕೆ, ಪುಡಿಯಾಗುವಿಕೆಯಿಂದ ಬರುತ್ತವೆ. ಡಾಂಬರು ಕಿತ್ತ ರಸ್ತೆ, ಕಟ್ಟಡ ಕಾಮಗಾರಿ, ಜಲ್ಲಿ ಕ್ರಷರ್, ಸಿಮೆಂಟ್ ಕಾರ್ಖಾನೆ, ಗಣಿ ಮತ್ತು ಅದಿರು ಸಾಗಿಸುವ ಲಾರಿಗಳು ಇವುಗಳ ಮೂಲ. ಸಂಡೂರು, ಹೊಸಪೇಟೆ ಸುತ್ತಿನ ಕಬ್ಬಿಣದ ಅದಿರಿನ ಕೆಂಧೂಳು ಇದೇ ಬಗೆಯದು. ಸೂಕ್ಷ್ಮ ಕಣಗಳು ಮುಖ್ಯವಾಗಿ ದಹನದಿಂದ ಹುಟ್ಟುತ್ತವೆ. ಡೀಸೆಲ್ ಎಂಜಿನ್, ಕಲ್ಲಿದ್ದಲು, ಇಟ್ಟಿಗೆ ಗೂಡು, ಸೌದೆ, ಬೆರಣಿ, ಹೊಲದಲ್ಲಿ ಸುಡುವ ಕಬ್ಬಿನ ರವದಿ ಅಥವಾ ಭತ್ತದ ಕೂಳೆ, ಬೀದಿಬದಿಯ ಕಸ, ಇವೆಲ್ಲ ಅವುಗಳನ್ನು ಹೊರಸೂಸುತ್ತವೆ. ಗಂಧಕ ಹಾಗೂ ಸಾರಜನಕದ ಆಕ್ಸೈಡುಗಳು ಅಮೋನಿಯದೊಡನೆ ಸೇರಿ ಗಾಳಿಯಲ್ಲೇ ರೂಪಿಸುವ ಲವಣಕಣಗಳೂ ಈ ಗುಂಪಿನವೇ.

ಗಾತ್ರದ ಮಹತ್ವವಿರುವುದು ದೇಹದೊಳಗಿನ ಪಯಣದಲ್ಲಿ. ಹತ್ತು ಮೈಕ್ರಾನಿಗಿಂತ ದೊಡ್ಡವು ಬಹುಪಾಲು ಮೂಗು, ಗಂಟಲಿನಲ್ಲೇ ತಡೆಯಲ್ಪಡುತ್ತವೆ. ಅದಕ್ಕಿಂತ ಸಣ್ಣವು ಶ್ವಾಸನಾಳಗಳನ್ನು ಸೇರುತ್ತವೆ. ಎರಡೂವರೆ ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಕೊನೆಯ ವಾಯುಕೋಶಗಳವರೆಗೆ ಇಳಿಯುತ್ತವೆ, ಅತಿಸೂಕ್ಷ್ಮವಾದವು ರಕ್ತಕ್ಕೂ ಸೇರಬಲ್ಲವು. ಆಸ್ತಮಾ, ದೀರ್ಘಕಾಲಿಕ ಶ್ವಾಸಕೋಶ ರೋಗ, ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್ ಇವುಗಳಿಗೂ ಸೂಕ್ಷ್ಮ ಕಣಗಳಿಗೂ ಇರುವ ಸಂಬಂಧ ದೃಢಪಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2013ರಲ್ಲಿ ಹೊರಾಂಗಣ ವಾಯುಮಾಲಿನ್ಯವನ್ನೂ ಕಣದ್ರವ್ಯವನ್ನೂ ಮನುಷ್ಯರಲ್ಲಿ ಖಚಿತವಾಗಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಗಂಧಕದ ಡೈಆಕ್ಸೈಡ್

ಗಂಧಕವಿರುವ ಇಂಧನ ಉರಿದಾಗ, ಗಂಧಕವಿರುವ ಅದಿರನ್ನು ಕರಗಿಸಿದಾಗ ಈ ಅನಿಲ ಹೊರಬರುತ್ತದೆ. ಭಾರತದಲ್ಲಿ ಇದರ ಅತಿ ದೊಡ್ಡ ಮೂಲ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಬೂದಿ ಹೆಚ್ಚು. ಆದರೆ ಉರಿಸುವ ಪ್ರಮಾಣ ಬೃಹತ್ತಾದ್ದರಿಂದ ಒಟ್ಟು ಅನಿಲವೂ ಹೆಚ್ಚೇ. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡುತಿನಿ ಸ್ಥಾವರಗಳು ಕರ್ನಾಟಕದ ಇಂಥ ದೊಡ್ಡ ಬಿಂದು ಮೂಲಗಳು.

ಈ ಅನಿಲ ಶ್ವಾಸನಾಳಗಳನ್ನು ಸಂಕುಚಿಸುವಂತೆ ಮಾಡುತ್ತದೆ. ಅದರ ಪರಿಣಾಮ ಆಸ್ತಮಾ ರೋಗಿಗಳಲ್ಲಿ ಕೆಲವೇ ನಿಮಿಷಗಳಲ್ಲಿ ಕಾಣುತ್ತದೆ. ಗಾಳಿಯ ತೇವದೊಡನೆ ಸೇರಿ ಗಂಧಕಾಮ್ಲವಾಗಿ ಆಮ್ಲಮಳೆಗೆ ಕಾರಣವಾಗುತ್ತದೆ. ಅಮೃತಶಿಲೆ, ಸುಣ್ಣಕಲ್ಲುಗಳನ್ನು ಸವೆಸುತ್ತದೆ. ತಾಜಮಹಲಿನ ಸುತ್ತಲಿನ ಕೈಗಾರಿಕೆಗಳು ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಸ್ಥಳಾಂತರವಾಗಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಆದೇಶಿಸಿದ್ದರ ಹಿನ್ನೆಲೆ ಇದೇ. ವಾಹನ ಇಂಧನದ ಗಂಧಕವನ್ನು ಹಂತಹಂತವಾಗಿ ಇಳಿಸಲಾಗಿದೆ. ಭಾರತ್ ಸ್ಟೇಜ್ (ಬಿಎಸ್) ಮಾನದಂಡಗಳ ಪೈಕಿ ಬಿಎಸ್-4 ಇಂಧನದಲ್ಲಿ ಹತ್ತು ಲಕ್ಷ ಭಾಗಕ್ಕೆ 50 ಭಾಗವಿದ್ದ ಗಂಧಕ, 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಯಾದ ಬಿಎಸ್-6 ಇಂಧನದಲ್ಲಿ 10 ಭಾಗಕ್ಕೆ ಇಳಿಯಿತು.

ಸಾರಜನಕದ ಆಕ್ಸೈಡುಗಳು ಮತ್ತು ಅಮೋನಿಯ

ಎಂಜಿನ್ ಅಥವಾ ಬಾಯ್ಲರಿನ ಹೆಚ್ಚಿನ ಉಷ್ಣತೆಯಲ್ಲಿ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಕೂಡಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಇಂಧನ ಎಷ್ಟೇ ಶುದ್ಧವಾಗಿದ್ದರೂ ಇದು ತಪ್ಪುವುದಿಲ್ಲ. ಹೊರಬಂದ ನೈಟ್ರಿಕ್ ಆಕ್ಸೈಡ್ ಬೇಗನೆ ಕಂದು ಬಣ್ಣದ ನೈಟ್ರೊಜನ್ ಡೈಆಕ್ಸೈಡ್ ಆಗಿ ಮಾರ್ಪಡುತ್ತದೆ. ನಗರಗಳಲ್ಲಿ ಇದರ ಮುಖ್ಯ ಮೂಲ ವಾಹನಗಳು. ಆದ್ದರಿಂದ ಬೆಳಗಿನ ಮತ್ತು ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ಇದರ ಪ್ರಮಾಣ ಎರಡು ಬಾರಿ ಏರುತ್ತದೆ. ಶ್ವಾಸಕೋಶದ ಉರಿಯೂತ, ಮಕ್ಕಳಲ್ಲಿ ಉಸಿರಾಟದ ಸೋಂಕು ಹೆಚ್ಚುವುದು ಇದರ ನೇರ ಪರಿಣಾಮ. ಓಜೋನ್ ಮತ್ತು ನೈಟ್ರೇಟ್ ಕಣಗಳಿಗೆ ಕಚ್ಚಾವಸ್ತುವಾಗುವುದು ಇನ್ನೊಂದು.

ಅಮೋನಿಯ ಕೈಗಾರಿಕೆಗಿಂತ ಹೆಚ್ಚಾಗಿ ಕೃಷಿಯ ಕೊಡುಗೆ. ಹೊಲಕ್ಕೆ ಎರಚಿದ ಯೂರಿಯಾ, ಕೊಟ್ಟಿಗೆಯ ಗಂಜಲ, ಕೋಳಿಫಾರಂ, ಚರಂಡಿ ನೀರು ಇದರ ಮೂಲಗಳು. ಆಮ್ಲೀಯ ಅನಿಲಗಳನ್ನು ಕಣಗಳಾಗಿಸುವುದರಿಂದ ಹಳ್ಳಿಯ ಅಮೋನಿಯ ನಗರದ ಸೂಕ್ಷ್ಮ ಕಣಗಳಿಗೂ ಪಾಲು ಸೇರಿಸುತ್ತದೆ.

ನೆಲಮಟ್ಟದ ಓಜೋನ್

ವಾಯುಮಂಡಲದ ಮೇಲ್ಪದರದ ಓಜೋನ್ ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಅದೇ ಅನಿಲ ಉಸಿರಾಡುವ ಮಟ್ಟದಲ್ಲಿ ಹಾನಿಕರ. ಇದನ್ನು ಯಾವ ಕೊಳವೆಯೂ ನೇರವಾಗಿ ಹೊರಬಿಡುವುದಿಲ್ಲ. ನೈಟ್ರೊಜನ್ ಆಕ್ಸೈಡುಗಳೂ ಬೇಗ ಆವಿಯಾಗುವ ಸಾವಯವ ಸಂಯುಕ್ತಗಳೂ ಬಿಸಿಲಿನಲ್ಲಿ ವರ್ತಿಸಿ ಓಜೋನ್ ಉಂಟಾಗುತ್ತದೆ. ಲಾಸ್ ಏಂಜಲೀಸ್ ನಗರವನ್ನು 1940ರ ದಶಕದಲ್ಲಿ ಕಾಡಿದ ಕಣ್ಣುರಿಯ ಮಸುಕಿಗೆ ಇದೇ ಕಾರಣ ಎಂಬುದನ್ನು ರಸಾಯನವಿಜ್ಞಾನಿ ಆರಿ ಹಾಗನ್-ಸ್ಮಿತ್ ತೋರಿಸಿಕೊಟ್ಟರು.

ಓಜೋನ್ ಮಧ್ಯಾಹ್ನ ಹಾಗೂ ಬೇಸಿಗೆಯಲ್ಲಿ ಗರಿಷ್ಠಕ್ಕೇರುತ್ತದೆ. ವಾಹನ ದಟ್ಟಣೆಯ ವೃತ್ತದಲ್ಲಿ ಹೊಸದಾಗಿ ಬಂದ ನೈಟ್ರಿಕ್ ಆಕ್ಸೈಡ್ ಓಜೋನನ್ನು ಕಬಳಿಸುವುದರಿಂದ ಅಲ್ಲಿ ಅದರ ಪ್ರಮಾಣ ತಗ್ಗಿ, ಗಾಳಿ ಬೀಸುವ ದಿಕ್ಕಿನಲ್ಲಿರುವ ಹೊರವಲಯದಲ್ಲಿ ಹೆಚ್ಚಿರುವುದು ಸಾಮಾನ್ಯ. ಇದು ಎದೆನೋವು, ಕೆಮ್ಮು ಉಂಟುಮಾಡಿ ಶ್ವಾಸಕೋಶದ ಸಾಮರ್ಥ್ಯ ಕುಗ್ಗಿಸುತ್ತದೆ. ಎಲೆಯ ರಂಧ್ರಗಳ ಮೂಲಕ ಒಳಸೇರಿ ಗೋಧಿ, ಭತ್ತ, ಸೋಯಾ ಅವರೆಯಂಥ ಬೆಳೆಗಳ ಇಳುವರಿಯನ್ನೂ ತಗ್ಗಿಸುತ್ತದೆ.

ಕಾರ್ಬನ್ ಮಾನಾಕ್ಸೈಡ್

ಸಾಕಷ್ಟು ಆಮ್ಲಜನಕವಿಲ್ಲದೆ ಇಂಧನ ಅರೆಬರೆ ಉರಿದಾಗ ಬರುವ ಈ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ ದೇಹಕ್ಕೆ ಆಮ್ಲಜನಕದ ಪೂರೈಕೆ ತಗ್ಗುತ್ತದೆ. ಬಯಲಿನ ಗಾಳಿಯಲ್ಲಿರುವ ಪ್ರಮಾಣ ಹೃದ್ರೋಗಿಗಳಿಗೆ ಮುಖ್ಯವಾಗಿ ತೊಂದರೆ ಕೊಡುತ್ತದೆ. ಮುಚ್ಚಿದ ಕೋಣೆಯಲ್ಲಿ ಚಳಿಗೆಂದು ಇದ್ದಿಲು ಹೊತ್ತಿಸಿಟ್ಟರೆ ಅಥವಾ ಜನರೇಟರ್ ಓಡಿಸಿದರೆ ಇದೇ ಅನಿಲ ಪ್ರಾಣಾಪಾಯ ತರುತ್ತದೆ.

ಸೀಸ, ಇತರ ಲೋಹಗಳು ಮತ್ತು ವಿಷಕಾರಿ ಸಾವಯವಗಳು

ಸೀಸ ಮಕ್ಕಳ ನರಮಂಡಲ ಮತ್ತು ಬುದ್ಧಿ ಬೆಳವಣಿಗೆಗೆ ಮಾರಕ. ಎಂಜಿನ್ನಿನ ಬಡಿತ ತಡೆಯಲು ಪೆಟ್ರೋಲಿಗೆ ಸೇರಿಸುತ್ತಿದ್ದ ಸೀಸದ ಸಂಯುಕ್ತವೇ ಹಿಂದೆ ಇದರ ಮುಖ್ಯ ಮೂಲವಾಗಿತ್ತು. ಭಾರತದಲ್ಲಿ 2000ದ ಫೆಬ್ರುವರಿಯಿಂದ ಸೀಸರಹಿತ ಪೆಟ್ರೋಲ್ ಮಾತ್ರ ಮಾರಾಟವಾಗುತ್ತಿದೆ. ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುವುದನ್ನು ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯ (2021). ಹಳೆಯ ಬ್ಯಾಟರಿಗಳನ್ನು ಕರಗಿಸುವ ಘಟಕಗಳ ಸುತ್ತ ಸೀಸದ ಸಮಸ್ಯೆ ಈಗಲೂ ಇದೆ. ಆರ್ಸೆನಿಕ್, ನಿಕ್ಕಲ್ ಲೋಹಗಳು ಕಲ್ಲಿದ್ದಲು ಹಾಗೂ ಉಳಿಕೆ ತೈಲದ ದಹನದಿಂದ, ಲೋಹ ಕರಗಿಸುವ ಕುಲುಮೆಗಳಿಂದ ಬರುತ್ತವೆ.

ಬೆಂಜೀನ್ ಪೆಟ್ರೋಲಿನ ಒಂದು ಅಂಶ. ಪೆಟ್ರೋಲ್ ಬಂಕಿನ ಆವಿ ಮತ್ತು ವಾಹನದ ಹೊಗೆಯಲ್ಲಿ ಇರುತ್ತದೆ, ರಕ್ತದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಬೆಂಜೊಪೈರೀನ್ ಅರೆಬೆಂದ ಸೌದೆ, ಕಲ್ಲಿದ್ದಲು, ಟೈರು, ಕಸ ಮತ್ತು ತಂಬಾಕಿನ ಹೊಗೆಯಲ್ಲಿ ಸಿಗುವ, ಕಣಗಳಿಗೆ ಅಂಟಿಕೊಂಡಿರುವ ಕ್ಯಾನ್ಸರ್‌ಕಾರಕ.

ಹವಾಮಾನದ ಪಾತ್ರ

ಹೊರಬಿದ್ದ ಮಾಲಿನ್ಯ ಅಷ್ಟೇ ಇದ್ದರೂ ಗಾಳಿಯಲ್ಲಿ ಅದರ ಸಾಂದ್ರತೆ ದಿನದಿನಕ್ಕೆ ಬದಲಾಗುತ್ತದೆ. ಹಗಲಿನಲ್ಲಿ ಕಾದ ನೆಲದ ಗಾಳಿ ಮೇಲೇರಿ ಒಂದೆರಡು ಕಿಲೋಮೀಟರ್ ಎತ್ತರದವರೆಗೆ ಬೆರೆಯುತ್ತದೆ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗಿ, ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಕೂರುತ್ತದೆ. ಉಷ್ಣತಾ ವಿಪರ್ಯಯ ಎಂದು ಕರೆಯುವ ಈ ಸ್ಥಿತಿಯಲ್ಲಿ ಹೊಗೆ ಮೇಲೇರಲಾರದೆ ನೆಲದ ಬಳಿಯೇ ದಟ್ಟವಾಗುತ್ತದೆ. ಹಿಮಾಲಯದ ತಡೆ, ಮಂದ ಗಾಳಿ ಮತ್ತು ವಿಪರ್ಯಯ ಮೂರೂ ಸೇರುವುದರಿಂದ ದೆಹಲಿ ಹಾಗೂ ಗಂಗಾ ಬಯಲು ನವೆಂಬರ್‌ನಿಂದ ಜನವರಿವರೆಗೆ ತೀವ್ರ ಮಾಲಿನ್ಯ ಅನುಭವಿಸುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ತೆರೆದ ಪ್ರಸ್ಥಭೂಮಿಯಲ್ಲಿರುವ ಬೆಂಗಳೂರಿಗೂ ಕಡಲಗಾಳಿ ಬೀಸುವ ಮಂಗಳೂರಿಗೂ ಇಂಥ ದಿಗ್ಬಂಧನ ಇಲ್ಲ. ಮುಂಗಾರಿನ ಮಳೆ ಕಣಗಳನ್ನು ತೊಳೆದು ಕೆಳಗಿಳಿಸುವುದರಿಂದ ದೇಶದ ಬಹುಭಾಗದಲ್ಲಿ ಜುಲೈ–ಆಗಸ್ಟ್ ತಿಂಗಳ ಗಾಳಿ ವರ್ಷದಲ್ಲೇ ಸ್ವಚ್ಛ.

ಮಾನದಂಡಗಳು

ಲಂಡನ್ನಿನಲ್ಲಿ 1952ರ ಡಿಸೆಂಬರ್ 5ರಿಂದ 9ರವರೆಗೆ ಕವಿದ ಹೊಗೆಮಂಜಿನಿಂದ ಸುಮಾರು 4,000 ಜನ ಸತ್ತರೆಂದು ಆಗ ಅಂದಾಜಿಸಲಾಯಿತು. ಮುಂದಿನ ಅಧ್ಯಯನಗಳು ಈ ಸಂಖ್ಯೆ 12,000ದವರೆಗೆ ಇರಬಹುದೆಂದವು. ಆ ದಿನಗಳ ಹೊಗೆ ಮತ್ತು ಗಂಧಕದ ಡೈಆಕ್ಸೈಡಿನ ಅಳತೆಗಳನ್ನು ಸಾವಿನ ಲೆಕ್ಕದ ಪಕ್ಕದಲ್ಲಿಟ್ಟಾಗ ಎರಡೂ ಒಟ್ಟಿಗೆ ಏರಿಳಿದದ್ದು ಕಂಡುಬಂತು. ಬ್ರಿಟನ್ 1956ರಲ್ಲಿ ಸ್ವಚ್ಛ ಗಾಳಿ ಕಾಯಿದೆ ತಂದಿತು. ಕ್ರಮಬದ್ಧ ಮಾಪನವಿದ್ದರೆ ಮಾತ್ರ ಮಾಲಿನ್ಯದ ಹಾನಿಯನ್ನು ಸಾಬೀತುಪಡಿಸಬಹುದು ಎಂಬುದು ಈ ದುರಂತದಿಂದ ಸ್ಪಷ್ಟವಾಯಿತು.

ಭಾರತದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಕರ್ನಾಟಕ ರಾಜ್ಯ ಮಂಡಳಿ 1974ರಲ್ಲಿ ಜಲಮಾಲಿನ್ಯ ಕಾಯಿದೆಯಡಿ ಸ್ಥಾಪನೆಯಾದವು. 1981ರ ವಾಯು ಕಾಯಿದೆ ಗಾಳಿಯ ಹೊಣೆಯನ್ನೂ ಅವುಗಳಿಗೆ ವಹಿಸಿತು. ಮೊದಲ ವಾಯು ಗುಣಮಟ್ಟ ಮಾನದಂಡಗಳು 1982ರಲ್ಲಿ ಬಂದವು, 1994ರಲ್ಲಿ ಪರಿಷ್ಕೃತವಾದವು. 2009ರ ನವೆಂಬರ್ 18ರಂದು ಪ್ರಕಟವಾದ ರಾಷ್ಟ್ರೀಯ ಮಾನದಂಡಗಳು 12 ಮಾಲಿನ್ಯಕಾರಕಗಳಿಗೆ ಮಿತಿ ಹಾಕುತ್ತವೆ. ಪಿಎಂ 10, ಪಿಎಂ 2.5, ಗಂಧಕದ ಡೈಆಕ್ಸೈಡ್, ನೈಟ್ರೊಜನ್ ಡೈಆಕ್ಸೈಡ್, ಓಜೋನ್, ಕಾರ್ಬನ್ ಮಾನಾಕ್ಸೈಡ್, ಅಮೋನಿಯ, ಸೀಸ, ಬೆಂಜೀನ್, ಬೆಂಜೊಪೈರೀನ್, ಆರ್ಸೆನಿಕ್ ಮತ್ತು ನಿಕ್ಕಲ್ ಈ ಪಟ್ಟಿಯಲ್ಲಿವೆ.

ಪ್ರತಿ ಮಿತಿಗೂ ಒಂದು ಅವಧಿ ಜೋಡಿಸಿರುತ್ತದೆ. ಒಂದು ಘನ ಮೀಟರಿಗೆ ಪಿಎಂ 10ರ ಮಿತಿ 24 ಗಂಟೆಯ ಸರಾಸರಿಯಲ್ಲಿ 100 ಮೈಕ್ರೋಗ್ರಾಂ, ವಾರ್ಷಿಕ ಸರಾಸರಿಯಲ್ಲಿ 60. ಪಿಎಂ 2.5ಕ್ಕೆ ಕ್ರಮವಾಗಿ 60 ಮತ್ತು 40. ನೈಟ್ರೊಜನ್ ಡೈಆಕ್ಸೈಡಿಗೆ 80 ಮತ್ತು 40. ಗಂಧಕದ ಡೈಆಕ್ಸೈಡಿಗೆ 80 ಮತ್ತು 50. ಓಜೋನಿಗೆ ಎಂಟು ಗಂಟೆಗೆ 100, ಒಂದು ಗಂಟೆಗೆ 180. ಕಾರ್ಬನ್ ಮಾನಾಕ್ಸೈಡಿಗೆ ಎಂಟು ಗಂಟೆಗೆ 2 ಮಿಲಿಗ್ರಾಂ, ಒಂದು ಗಂಟೆಗೆ 4 ಮಿಲಿಗ್ರಾಂ. ಕೂಡಲೇ ಕೆಡುಕು ಮಾಡುವ ಅನಿಲಕ್ಕೆ ಗಂಟೆಗಳ ಮಿತಿಯೂ ನಿಧಾನವಾಗಿ ದೇಹದಲ್ಲಿ ಕೂಡಿಕೊಳ್ಳುವ ವಸ್ತುವಿಗೆ ವರ್ಷದ ಮಿತಿಯೂ ಇರುವುದು ಇಲ್ಲಿನ ತತ್ವ. ಅಲ್ಪಾವಧಿಯ ಮಿತಿಗಳನ್ನು ವರ್ಷದ ಶೇ. 98ರಷ್ಟು ಕಾಲ ಪಾಲಿಸಬೇಕು. ಉಳಿದ ಶೇ. 2ರಲ್ಲಿ ಮೀರಬಹುದಾದರೂ ಸತತ ಎರಡು ದಿನ ಮೀರುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಪಿಎಂ 2.5ರ ವಾರ್ಷಿಕ ಮಟ್ಟ 5 ಮೈಕ್ರೋಗ್ರಾಂ, ನೈಟ್ರೊಜನ್ ಡೈಆಕ್ಸೈಡಿನದು 10 ಮೈಕ್ರೋಗ್ರಾಂ. ಭಾರತದ ಪಿಎಂ 2.5 ಮಿತಿ ಅದಕ್ಕಿಂತ ಎಂಟು ಪಟ್ಟು ಸಡಿಲ. ರಾಷ್ಟ್ರೀಯ ಮಿತಿಯೊಳಗಿರುವ ಊರಿನ ಗಾಳಿಯೂ ಸಂಪೂರ್ಣ ನಿರಪಾಯಕಾರಿ ಎನ್ನುವಂತಿಲ್ಲ.

ಮಾಪನ ಜಾಲ

ಕೇಂದ್ರ ಮಂಡಳಿ 1984ರಲ್ಲಿ ಆಗ್ರಾ ಮತ್ತು ಉತ್ತರ ಪ್ರದೇಶದ ಅನ್‌ಪರಾದಲ್ಲಿ ಏಳು ಕೇಂದ್ರಗಳೊಂದಿಗೆ ರಾಷ್ಟ್ರೀಯ ಮಾಪನ ಕಾರ್ಯಕ್ರಮ ಆರಂಭಿಸಿತು. ಅದು ಈಗ ಎಲ್ಲ ರಾಜ್ಯಗಳಿಗೂ ಹರಡಿದೆ. ಮಾಪನ ಕೇಂದ್ರಗಳು ಎರಡು ಬಗೆಯವು. ಸಿಬ್ಬಂದಿ ಮಾದರಿ ಸಂಗ್ರಹಿಸಿ ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಕೇಂದ್ರಗಳು ಮೊದಲನೆಯವು. ದಿನವಿಡೀ ತಾವಾಗಿಯೇ ಅಳೆದು ಮಾಹಿತಿ ರವಾನಿಸುವ ಸ್ವಯಂಚಾಲಿತ ಕೇಂದ್ರಗಳು ಎರಡನೆಯವು. ಬೆಂಗಳೂರಿನಲ್ಲಿ ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್, ಜಯನಗರ ಮೊದಲಾದೆಡೆ ಸ್ವಯಂಚಾಲಿತ ಕೇಂದ್ರಗಳಿವೆ.

ಕೇಂದ್ರದ ಜಾಗ ಆರಿಸುವುದೇ ಒಂದು ತಾಂತ್ರಿಕ ಕೆಲಸ. ಗಾಳಿ ಎಳೆಯುವ ಕೊಳವೆಯ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು. ಮರ, ಗೋಡೆಗಳು ಗಾಳಿಗೆ ಅಡ್ಡವಾಗಬಾರದು. ಹತ್ತಿರದಲ್ಲೇ ಒಂದು ಚಿಮಣಿ, ತಂದೂರಿ ಒಲೆ ಅಥವಾ ಜನರೇಟರ್ ಇದ್ದರೆ ಅಳತೆ ಊರಿನದಾಗದೆ ಅದೊಂದರದೇ ಆಗುತ್ತದೆ. ಕೈಗಾರಿಕಾ ಪ್ರದೇಶ, ವಾಹನ ದಟ್ಟಣೆಯ ವೃತ್ತ, ವಸತಿ ಬಡಾವಣೆ, ಆಸ್ಪತ್ರೆ ಪರಿಸರ ಹೀಗೆ ಬೇರೆಬೇರೆ ಬಗೆಯ ಜಾಗಗಳಲ್ಲಿ ಕೇಂದ್ರಗಳಿದ್ದಾಗಲೇ ಊರಿನ ಒಟ್ಟು ಚಿತ್ರ ಸಿಗುತ್ತದೆ. ಒಂದೇ ಕೇಂದ್ರದ ಅಂಕಿಯನ್ನು ಇಡೀ ನಗರಕ್ಕೆ ಅನ್ವಯಿಸಲಾಗದು.

ಮಾದರಿ ಸಂಗ್ರಹಿಸಿ ಪರೀಕ್ಷಿಸುವ ವಿಧಾನ

ಕಣಗಳನ್ನು ಅಳೆಯುವ ಮೂಲ ವಿಧಾನ ತೂಕ. ಪಂಪು ಗೊತ್ತಾದ ವೇಗದಲ್ಲಿ ಗಾಳಿಯನ್ನು ಎಳೆಯುತ್ತದೆ. ಒಳಹೋಗುವ ದಾರಿಯಲ್ಲೇ ದೊಡ್ಡ ಕಣಗಳು ಬೇರ್ಪಟ್ಟು, ಬೇಕಾದ ಗಾತ್ರದವು ಮಾತ್ರ ಶೋಧಕ ಹಾಳೆಯ ಮೇಲೆ ಉಳಿಯುತ್ತವೆ. ಹಾಳೆಯನ್ನು ಉಷ್ಣತೆ, ತೇವಾಂಶ ನಿಯಂತ್ರಿತ ಕೋಣೆಯಲ್ಲಿಟ್ಟು ಮೊದಲು ಮತ್ತು ನಂತರ ತೂಗುತ್ತಾರೆ. ತೂಕದ ವ್ಯತ್ಯಾಸವನ್ನು ಎಳೆದ ಗಾಳಿಯ ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಅದೇ ಹಾಳೆಯ ತುಂಡನ್ನು ಆಮ್ಲದಲ್ಲಿ ಕರಗಿಸಿ ಸೀಸ, ನಿಕ್ಕಲ್, ಆರ್ಸೆನಿಕ್‌ಗಳ ಪ್ರಮಾಣವನ್ನೂ ಕಂಡುಹಿಡಿಯಬಹುದು.

ಅನಿಲಗಳಿಗೆ ಹೀರು ದ್ರಾವಣ ಬಳಸುತ್ತಾರೆ. ಗಂಧಕದ ಡೈಆಕ್ಸೈಡಿಗೆ ವೆಸ್ಟ್ ಮತ್ತು ಗೇಕೆ ವಿಧಾನ. ಪಾದರಸದ ಲವಣವಿರುವ ದ್ರಾವಣದಲ್ಲಿ ಅನಿಲವನ್ನು ಹಿಡಿದಿಟ್ಟು, ಪ್ಯಾರಾರೋಸನಿಲಿನ್ ಬಣ್ಣ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿದಾಗ ನೇರಳೆ ಬಣ್ಣ ಬರುತ್ತದೆ. ಬಣ್ಣದ ಗಾಢತೆಯಿಂದ ಪ್ರಮಾಣ ತಿಳಿಯುತ್ತದೆ. ನೈಟ್ರೊಜನ್ ಡೈಆಕ್ಸೈಡಿಗೆ ಸೋಡಿಯಂ ಆರ್ಸನೈಟ್ ದ್ರಾವಣ ಬಳಸುವ ಜೇಕಬ್ಸ್ ಮತ್ತು ಹೋಕೈಸರ್ ವಿಧಾನವಿದೆ.

ಈ ಕೇಂದ್ರಗಳಲ್ಲಿ ವಾರಕ್ಕೆ ಎರಡು ದಿನ, 24 ಗಂಟೆ ಕಾಲ ಮಾದರಿ ತೆಗೆಯುತ್ತಾರೆ. ಅನಿಲಗಳಿಗೆ ನಾಲ್ಕು ಗಂಟೆಗೊಮ್ಮೆ ದ್ರಾವಣವನ್ನೂ ಕಣಗಳಿಗೆ ಎಂಟು ಗಂಟೆಗೊಮ್ಮೆ ಹಾಳೆಯನ್ನೂ ಬದಲಿಸುತ್ತಾರೆ. ಹೀಗೆ ವರ್ಷಕ್ಕೆ ಕನಿಷ್ಠ 104 ದಿನಗಳ ಅಳತೆಯಿದ್ದರೆ ಮಾತ್ರ ವಾರ್ಷಿಕ ಸರಾಸರಿ ಸಿಂಧು. ವಿಧಾನ ಅಗ್ಗ ಮತ್ತು ನಂಬಲರ್ಹ. ಫಲಿತಾಂಶ ತಡವಾಗಿ ಬರುವುದು, ವಾರದ ಉಳಿದ ಐದು ದಿನಗಳ ಗಾಳಿ ಲೆಕ್ಕಕ್ಕೆ ಸಿಗದಿರುವುದು ಇದರ ಕೊರತೆ.

ಸ್ವಯಂಚಾಲಿತ ವಿಧಾನ

ಸ್ವಯಂಚಾಲಿತ ಕೇಂದ್ರವೆಂದರೆ ಹವಾನಿಯಂತ್ರಿತ ಕ್ಯಾಬಿನ್ನಿನಲ್ಲಿ ಜೋಡಿಸಿಟ್ಟ ವಿಶ್ಲೇಷಕಗಳ ಸಾಲು. ಪ್ರತಿಯೊಂದು ವಿಶ್ಲೇಷಕವೂ ಒಂದೊಂದು ಅನಿಲದ ವಿಶಿಷ್ಟ ಗುಣವನ್ನು ಆಧರಿಸಿ ಕೆಲಸ ಮಾಡುತ್ತದೆ. ಗಂಧಕದ ಡೈಆಕ್ಸೈಡ್ ಅಣುಗಳು ನೇರಳಾತೀತ ಬೆಳಕಿಗೆ ಉದ್ದೀಪ್ತವಾಗಿ ಹೊರಸೂಸುವ ಪ್ರತಿದೀಪ್ತಿಯನ್ನು ಒಂದು ಯಂತ್ರ ಅಳೆಯುತ್ತದೆ. ನೈಟ್ರಿಕ್ ಆಕ್ಸೈಡ್ ಓಜೋನಿನೊಡನೆ ವರ್ತಿಸಿದಾಗ ಹೊಮ್ಮುವ ಬೆಳಕನ್ನು ಇನ್ನೊಂದು ಎಣಿಸುತ್ತದೆ. ಡೈಆಕ್ಸೈಡನ್ನು ಮೊದಲು ಕಾದ ಮಾಲಿಬ್ಡಿನಂ ಮೇಲೆ ಹಾಯಿಸಿ ನೈಟ್ರಿಕ್ ಆಕ್ಸೈಡ್ ಆಗಿಸಿ ಅಳೆಯುತ್ತಾರೆ. ಓಜೋನ್ 254 ನ್ಯಾನೊಮೀಟರ್ ತರಂಗದ ಬೆಳಕನ್ನು ಹೀರುವ ಪ್ರಮಾಣದಿಂದ, ಕಾರ್ಬನ್ ಮಾನಾಕ್ಸೈಡ್ ಅವಕೆಂಪು ಕಿರಣಗಳನ್ನು ಹೀರುವ ಪ್ರಮಾಣದಿಂದ ಅವುಗಳ ಸಾಂದ್ರತೆ ತಿಳಿಯುತ್ತದೆ. ಬೆಂಜೀನನ್ನು ಗ್ಯಾಸ್ ಕ್ರೊಮಟೋಗ್ರಫಿಯಿಂದ ಬೇರ್ಪಡಿಸಿ ಅಳೆಯುತ್ತಾರೆ.

ಕಣಗಳಿಗೆ ಬೀಟಾ ಕಿರಣ ವಿಧಾನ ಹೆಚ್ಚು ಬಳಕೆಯಲ್ಲಿದೆ. ಸುರುಳಿಯಾಗಿ ಸುತ್ತಿದ ಶೋಧಕ ಪಟ್ಟಿಯ ಮೇಲೆ ಕಣಗಳು ಕೂರುತ್ತವೆ. ಕಾರ್ಬನ್-14ರಂಥ ವಿಕಿರಣ ಮೂಲದ ಬೀಟಾ ಕಿರಣಗಳು ಆ ಪಟ್ಟಿಯನ್ನು ಹಾಯುವಾಗ ಎಷ್ಟು ಕ್ಷೀಣಿಸಿದವು ಎಂಬುದರಿಂದ ಕಣಗಳ ತೂಕ ಗೊತ್ತಾಗುತ್ತದೆ. ಗಾಳಿಯ ವೇಗ, ದಿಕ್ಕು, ಉಷ್ಣತೆ, ತೇವಾಂಶ, ಬಿಸಿಲಿನ ತೀವ್ರತೆಯನ್ನೂ ಕೇಂದ್ರದಲ್ಲೇ ದಾಖಲಿಸುತ್ತಾರೆ.

ಯಂತ್ರದ ಅಳತೆ ದಿನಕಳೆದಂತೆ ಜಾರುತ್ತದೆ. ಆದ್ದರಿಂದ ಮಾಲಿನ್ಯವೇ ಇಲ್ಲದ ಶೂನ್ಯ ಗಾಳಿಯನ್ನೂ ಸಾಂದ್ರತೆ ಗೊತ್ತಿರುವ ಮಾನಕ ಅನಿಲವನ್ನೂ ಆಗಾಗ ಹಾಯಿಸಿ ಸರಿಹೊಂದಿಸಬೇಕು. ಕೊಳವೆಯ ಸ್ವಚ್ಛತೆ, ವಿದ್ಯುತ್ ಪೂರೈಕೆ, ಬಿಡಿಭಾಗಗಳ ಲಭ್ಯತೆ ಇವುಗಳ ಮೇಲೆಯೇ ಅಂಕಿಗಳ ವಿಶ್ವಾಸಾರ್ಹತೆ ನಿಂತಿದೆ.

ವಾಯು ಗುಣಮಟ್ಟ ಸೂಚ್ಯಂಕ

ಬೇರೆಬೇರೆ ಮಾಲಿನ್ಯಕಾರಕಗಳ ಅಂಕಿಗಳನ್ನು ಜನರಿಗೆ ಅರ್ಥವಾಗುವ ಒಂದೇ ಸಂಖ್ಯೆ ಮತ್ತು ಬಣ್ಣದಲ್ಲಿ ಹೇಳುವ ಕ್ರಮವೇ ಸೂಚ್ಯಂಕ. ಭಾರತದ ರಾಷ್ಟ್ರೀಯ ಸೂಚ್ಯಂಕ 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಇದರಲ್ಲಿ ಪಿಎಂ 10, ಪಿಎಂ 2.5, ನೈಟ್ರೊಜನ್ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಓಜೋನ್, ಅಮೋನಿಯ, ಸೀಸ ಎಂಬ ಎಂಟು ಮಾಲಿನ್ಯಕಾರಕಗಳಿವೆ. ಸೊನ್ನೆಯಿಂದ 50 ಉತ್ತಮ, 51–100 ತೃಪ್ತಿಕರ, 101–200 ಸಾಧಾರಣ, 201–300 ಕಳಪೆ, 301–400 ಅತಿ ಕಳಪೆ, 401–500 ತೀವ್ರ ಎಂದು ಆರು ದರ್ಜೆಗಳಿವೆ.

ಪ್ರತಿ ಮಾಲಿನ್ಯಕಾರಕದ ಸರಾಸರಿಯನ್ನು ಮೊದಲು ಉಪಸೂಚ್ಯಂಕವಾಗಿ ಪರಿವರ್ತಿಸುತ್ತಾರೆ. ಉಪಸೂಚ್ಯಂಕಗಳಲ್ಲಿ ಅತಿ ಹೆಚ್ಚಿನದೇ ಆ ಜಾಗದ ಸೂಚ್ಯಂಕ. ಅವುಗಳನ್ನು ಕೂಡಿಸುವುದಾಗಲಿ ಸರಾಸರಿ ತೆಗೆಯುವುದಾಗಲಿ ಇಲ್ಲ. ಉದಾಹರಣೆಗೆ, ಒಂದು ಕೇಂದ್ರದಲ್ಲಿ 24 ಗಂಟೆಯ ಪಿಎಂ 2.5 ಸರಾಸರಿ 75 ಮೈಕ್ರೋಗ್ರಾಂ, ಪಿಎಂ 10 ಸರಾಸರಿ 120, ನೈಟ್ರೊಜನ್ ಡೈಆಕ್ಸೈಡ್ 40 ಇದ್ದರೆ ಉಪಸೂಚ್ಯಂಕಗಳು ಕ್ರಮವಾಗಿ ಸುಮಾರು 150, 113 ಮತ್ತು 50. ಸೂಚ್ಯಂಕ 150, ದರ್ಜೆ ಸಾಧಾರಣ, ಕಾರಣ ಪಿಎಂ 2.5. ಕನಿಷ್ಠ ಮೂರು ಮಾಲಿನ್ಯಕಾರಕಗಳ ಮಾಹಿತಿ ಇರಬೇಕು, ಅದರಲ್ಲೊಂದು ಪಿಎಂ 10 ಅಥವಾ ಪಿಎಂ 2.5 ಆಗಿರಬೇಕು, ಕನಿಷ್ಠ 16 ಗಂಟೆಗಳ ಅಳತೆ ಸಿಕ್ಕಿರಬೇಕು ಎಂಬುದು ನಿಯಮ.

ಸೂಚ್ಯಂಕದ ಮೆಟ್ಟಿಲುಗಳು ದೇಶದಿಂದ ದೇಶಕ್ಕೆ ಬೇರೆ. ಮೇಲಿನ 75 ಮೈಕ್ರೋಗ್ರಾಂ ಅಮೆರಿಕದ ಸೂಚ್ಯಂಕದಲ್ಲಿ 150ನ್ನು ದಾಟಿ ಅನಾರೋಗ್ಯಕರ ದರ್ಜೆಗೆ ಸೇರುತ್ತದೆ. ಖಾಸಗಿ ಮೊಬೈಲ್ ಆ್ಯಪ್‌ಗಳ ಸಂಖ್ಯೆಗೂ ಮಂಡಳಿಯ ಸಂಖ್ಯೆಗೂ ಹೊಂದದಿರಲು ಇದೊಂದು ಕಾರಣ. ಕೆಲವು ಆ್ಯಪ್‌ಗಳು 24 ಗಂಟೆಯ ಬದಲು ಆ ಗಂಟೆಯ ಅಳತೆಯನ್ನೇ ತೋರಿಸುವುದು ಇನ್ನೊಂದು.

ಪೂರಕ ಸಾಧನಗಳು ಮತ್ತು ಮೂಲಗಳ ಪತ್ತೆ

ಬೆಳಕಿನ ಚದುರುವಿಕೆಯಿಂದ ಕಣಗಳನ್ನು ಎಣಿಸುವ ಕಡಿಮೆ ಬೆಲೆಯ ಸಂವೇದಕಗಳು ಈಗ ಶಾಲೆ, ಅಪಾರ್ಟ್‌ಮೆಂಟ್‌ಗಳಲ್ಲೂ ಕಾಣುತ್ತವೆ. ತೇವಾಂಶ ಹೆಚ್ಚಿದ್ದಾಗ ಕಣಗಳು ನೀರು ಹೀರಿ ಉಬ್ಬುವುದರಿಂದ ಇವು ಹೆಚ್ಚು ತೋರಿಸುತ್ತವೆ. ಪ್ರಮಾಣಿತ ಯಂತ್ರದ ಪಕ್ಕದಲ್ಲಿಟ್ಟು ಸರಿಪಡಿಸಿಕೊಂಡರೆ ಮಾತ್ರ ಉಪಯುಕ್ತ. ಉಪಗ್ರಹಗಳು ಕೇಂದ್ರಗಳಿಲ್ಲದ ಗ್ರಾಮೀಣ ಪ್ರದೇಶವನ್ನೂ ನೋಡಬಲ್ಲವು. ಕಣಗಳು ಬೆಳಕನ್ನು ತಡೆಯುವ ಪ್ರಮಾಣದಿಂದ ಪಿಎಂ 2.5ನ್ನು ಅಂದಾಜಿಸುತ್ತಾರೆ. 2017ರಲ್ಲಿ ಹಾರಿಸಿದ ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹ ನೈಟ್ರೊಜನ್ ಡೈಆಕ್ಸೈಡಿನ ನಕ್ಷೆ ಒದಗಿಸುತ್ತದೆ. ಆದರೆ ಮೋಡ ಕವಿದ ದಿನ ಉಪಗ್ರಹ ಕುರುಡು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಸಂದರ್ಭದಲ್ಲಿ ದೆಹಲಿಗೆ ವಾಯು ಗುಣಮಟ್ಟ ಮುನ್ಸೂಚನೆ ನೀಡುವ ವ್ಯವಸ್ಥೆ ರೂಪಿಸಿತು.

ಗಾಳಿಯಲ್ಲಿ ಕಣಗಳೆಷ್ಟು ಎಂಬುದರ ಜೊತೆಗೆ ಅವು ಎಲ್ಲಿಂದ ಬಂದವು ಎಂಬುದೂ ತಿಳಿಯಬೇಕು. ಅದಕ್ಕಾಗಿ ಹಾಳೆಯ ಮೇಲಿನ ಕಣಗಳ ರಾಸಾಯನಿಕ ಗುರುತುಗಳನ್ನು ಹುಡುಕುತ್ತಾರೆ. ಸಿಲಿಕಾನ್, ಅಲ್ಯುಮಿನಿಯಂ ಮಣ್ಣಿನ ಧೂಳನ್ನೂ, ಪೊಟ್ಯಾಸಿಯಂ ಮತ್ತು ಲೆವೊಗ್ಲೂಕೊಸಾನ್ ಸೌದೆ, ಬೆಳೆ ತ್ಯಾಜ್ಯದ ಹೊಗೆಯನ್ನೂ, ಧಾತುರೂಪದ ಇಂಗಾಲ ಡೀಸೆಲ್ ಹೊಗೆಯನ್ನೂ, ಬೇರಿಯಂ ಪಟಾಕಿಯನ್ನೂ ಸೂಚಿಸುತ್ತವೆ. ಈ ಗುರುತುಗಳಿಂದ ಪ್ರತಿ ಮೂಲದ ಪಾಲನ್ನು ಲೆಕ್ಕಹಾಕುವುದೇ ಮೂಲ ಹಂಚಿಕೆ ಅಧ್ಯಯನ.

ಒಳಾಂಗಣ ಗಾಳಿ

ಮಾನದಂಡ, ಕೇಂದ್ರ, ಸೂಚ್ಯಂಕ ಎಲ್ಲವೂ ಹೊರಗಿನ ಗಾಳಿಗೆ ಸಂಬಂಧಿಸಿದವು. ಸೌದೆ, ಬೆರಣಿ ಉರಿಸುವ ಅಡುಗೆಮನೆಯ ಹೊಗೆ ಇವುಗಳ ಲೆಕ್ಕಕ್ಕೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಮಾಲಿನ್ಯದಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಸಾವುಗಳಾದವು. ಹೊರಗಿನ ಮಾಲಿನ್ಯದಿಂದ 2019ರಲ್ಲಿ ಆದ ಅಕಾಲಿಕ ಸಾವುಗಳ ಅಂದಾಜು 42 ಲಕ್ಷ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಕಡಿಮೆ ಸೌದೆಯಲ್ಲಿ ಅಡುಗೆ ಮಾಡಿ ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ ಆರಂಭಿಕ ಪ್ರಯತ್ನಗಳಲ್ಲೊಂದು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಬಡ ಕುಟುಂಬಗಳಿಗೆ ಅಡುಗೆ ಅನಿಲದ ಸಂಪರ್ಕ ಒದಗಿಸಿತು.

ಮಾಪನದಿಂದ ನಿಯಂತ್ರಣಕ್ಕೆ

ಮಾಪನದ ಫಲಿತಾಂಶಗಳೇ ನಿಯಂತ್ರಣ ಕ್ರಮಗಳಿಗೆ ಆಧಾರ. ದೆಹಲಿ ಸುತ್ತಲಿನ ಪ್ರದೇಶದಲ್ಲಿ ಸೂಚ್ಯಂಕ ಏರಿದಂತೆಲ್ಲ ಕಟ್ಟಡ ಕಾಮಗಾರಿ ನಿಲ್ಲಿಸುವುದು, ಲಾರಿಗಳ ಪ್ರವೇಶ ತಡೆಯುವುದು ಮುಂತಾದ ಶ್ರೇಣೀಕೃತ ಕ್ರಮಗಳು ಜಾರಿಯಾಗುತ್ತವೆ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ, ಸತತ ಐದು ವರ್ಷ ಮಾನದಂಡ ಮೀರಿದ ನಗರಗಳನ್ನು ಗುರುತಿಸಿತು. ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ ಮತ್ತು ಕಲಬುರಗಿ ಈ ಪಟ್ಟಿಯಲ್ಲಿವೆ. ಕಣಗಳ ಪ್ರಮಾಣವನ್ನು 2017ರ ಮಟ್ಟಕ್ಕೆ ಹೋಲಿಸಿ 2024ರೊಳಗೆ ಶೇ. 20ರಿಂದ 30ರಷ್ಟು ಇಳಿಸುವುದು ಮೊದಲ ಗುರಿಯಾಗಿತ್ತು. ನಂತರ ಅದನ್ನು 2025–26ರೊಳಗೆ ಶೇ. 40ಕ್ಕೆ ಏರಿಸಲಾಯಿತು.

ಈ ಕಾರ್ಯಕ್ರಮದ ಪ್ರಗತಿಯನ್ನು ಮುಖ್ಯವಾಗಿ ಪಿಎಂ 10ರ ಇಳಿಕೆಯಿಂದ ಅಳೆಯುತ್ತಾರೆ. ರಸ್ತೆ ಗುಡಿಸುವ ಯಂತ್ರ, ನೀರು ಚಿಮುಕಿಸುವಿಕೆ, ಡಾಂಬರೀಕರಣದಂಥ ಕ್ರಮಗಳಿಂದ ಆ ಅಂಕಿ ಇಳಿಯಬಹುದು. ಆರೋಗ್ಯಕ್ಕೆ ಹೆಚ್ಚು ಹಾನಿಕರವಾದ ಪಿಎಂ 2.5 ತಗ್ಗಬೇಕಾದರೆ ವಾಹನ, ಕಲ್ಲಿದ್ದಲು, ಸೌದೆ ಮತ್ತು ಕಸದ ದಹನವೇ ಕಡಿಮೆಯಾಗಬೇಕು.